ಜಯಲಕ್ಷ್ಮಿ ಸ್ಟವ್ವಿನ ವಾಷರು

“ಸರ ಕೊಡಲ್ಲ ಅಂತ ನಾನೆಲ್ಲಿ ಅಂದೆ? ಕೊಡ್ತೀನಿ. ಅದಕ್ಕೆ ಮುಂಚೆ ಒಂದ್ಸಲ ನಾನೇ ಹೋಗಿ ನೋಡ್ಕೊಂಡು ಬರ್ತೀನಿ, ಅಷ್ಟೆ.”

ಭಾರತಮ್ಮ ಹೀಗೆಂದು ಸ್ಟವ್ವಿನ ಗಾಳಿ ಬಿಟ್ಟಳು. ಭರ್ರೆನ್ನುತ್ತಿದ್ದ ನೀಲಿ ಉರಿ ಪುಸ್ಸೆಂದು ಆರಿತು. ಅಡುಗೆಮನೆ ಇದ್ದಕ್ಕಿದ್ದಂತೆ ಸುಮ್ಮನಾಯಿತು. ಕೋದಂಡರಾಮಪ್ಪ ತುಟಿಗೆ ಎತ್ತಿದ್ದ ಕಾಫಿ ಲೋಟವನ್ನು ಹಾಗೆಯೇ ಕೆಳಗಿಳಿಸಿದ.

“ನೋಡೋಕೆ ಏನೈತೆ? ಎಲ್ಲಿಗೆ ಹೋಗಿ ನೋಡ್ತೀಯಾ?”

“ಜನದ ಅಡುಗೆಮನೆಗೆ.”

ಕೋಲಾರದ ದೊಡ್ಡಪೇಟೆಯಲ್ಲಿ ಕೋದಂಡರಾಮಪ್ಪನದು ತಂದೆಯ ಕಾಲದ ಪಾತ್ರೆ ಅಂಗಡಿ. ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ಮದುವೆಗೆ ಬಾಡಿಗೆ ಕೊಡುವ ಕೊಪ್ಪರಿಗೆಗಳ ನಡುವೆ ಮೂರು ವರ್ಷದಿಂದ ಹೊಸದೊಂದು ಮಾಲು ಬಂದು ಕೂತಿತ್ತು. ಬೆಂಗಳೂರಿನ ಜಯಲಕ್ಷ್ಮಿ ಕಂಪನಿಯವರು ಮಾಡುವ ಸೀಮೆಎಣ್ಣೆ ಸ್ಟವ್. ಸೀಮೆಯಿಂದ ಬರುವ ಸ್ಟವ್ವಿಗಿಂತ ಅಗ್ಗ, ನಮ್ಮ ದೇಶದ್ದು ಎಂಬ ಹೆಮ್ಮೆ ಬೇರೆ. ಈಗ, ಮೂವತ್ತೇಳನೇ ಇಸವಿಯ ಬೇಸಿಗೆಯಲ್ಲಿ, ಕಂಪನಿಯಿಂದ ಕಾಗದ ಬಂದಿತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ತಾಲ್ಲೂಕಿಗೆ ಅವನೇ ಏಜೆಂಟನಾಗಬಹುದು. ಆದರೆ ಅಂಗಡಿಯನ್ನು ಪೂರ್ತಿ ಸ್ಟವ್ವಿಗೇ ಮೀಸಲಿಡಬೇಕು, ಠೇವಣಿ ಕಟ್ಟಬೇಕು, ತಿಂಗಳೊಳಗೆ ಉತ್ತರ ಬರೆಯಬೇಕು. ಹಂಡೆ ಕೊಳಗಗಳನ್ನು ಯಾರಿಗೋ ಕೊಟ್ಟುಬಿಡಬೇಕು. ಠೇವಣಿಗೆ ಕಡಿಮೆ ಬೀಳುವುದಕ್ಕೆ ಹೆಂಡತಿಯ ಕತ್ತಿನ ಕಾಸಿನ ಸರ.

ಕಂಪನಿ ಮೇಲೇಳುತ್ತದೆ ಎನ್ನುವುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಅದಕ್ಕೆ ಅವನ ಹತ್ತಿರ ಒಂದು ಸಾಕ್ಷಿಯಿತ್ತು.

“ಸ್ಟವ್ ಎಷ್ಟು ಮಾರ್ದೆ ಅನ್ನೋದ್ರಲ್ಲಿ ಏನೂ ಇಲ್ಲ ಕಣೇ. ಮದುವೇಲಿ ಮುಯ್ಯಿ ಕೊಡ್ತಾರೆ, ಅಟ್ಟಕ್ಕೆ ಏರಿಸ್ತಾರೆ. ಪಿನ್ನು ನೋಡು, ಪಿನ್ನು! ಬರ್ನರ್ ತೂತಿಗೆ ಹಾಕೋ ಪಿನ್ನು. ಹೋದ ವರ್ಷಕ್ಕೆ ಈ ವರ್ಷಕ್ಕೆ ಮೂರು ಪಾಲು ಜಾಸ್ತಿ ಹೋಗೈತೆ. ಉರಿಸ್ದೇ ಇರೋರು ಪಿನ್ನು ಯಾಕೆ ತಗೋತಾರೆ ಹೇಳು?”

“ಸರಿ. ವಾಷರು?”

“ಏನು ವಾಷರು?”

“ಪಂಪಿನ ಒಳಗಡೆ ಇರತ್ತಲ್ಲ, ಚರ್ಮದ್ದು. ನಮ್ಮನೇಲೇ ವರ್ಷಕ್ಕೆ ಎರಡು ಸವೆದುಹೋದ್ವು. ಪಂಪು ಹೊಡೆದೋರ ಮನೇಲೆಲ್ಲ ಸವೀಬೇಕಲ್ಲ? ಯುಗಾದಿಗೆ ಅಂಗಡಿ ಧೂಳು ಹೊಡೀವಾಗ ನೋಡ್ದೆ. ನಮ್ಮನೆಗೆ ತೆಗೆದದ್ದು ಬಿಟ್ರೆ ವಾಷರಿನ ಡಬ್ಬಿ ಬಂದಂಗೇ ಕೂತೈತೆ. ಪಿನ್ನು ಅಷ್ಟೊಂದು ಹೋಗಿ ವಾಷರು ಹೋಗ್ದಿದ್ರೆ, ಇವರು ಸ್ಟವ್ ಉರಿಸ್ತಾವ್ರೋ, ಇಲ್ಲಾ ಬರೀ ಚುಚ್ತಾವ್ರೋ?”

ಕೋದಂಡರಾಮಪ್ಪ ಕಾಫಿ ಲೋಟ ಅಲ್ಲೇ ಬಿಟ್ಟು ಎದ್ದ. ಸ್ವಲ್ಪ ಹೊತ್ತಿನ ಮೇಲೆ ಅಂಗಡಿಗೆ ಹೋದವನು ಜಗಲಿಯ ಮೇಲೆ ಕೂತು ಸ್ಟವ್ ರಿಪೇರಿ ಮಾಡುತ್ತಿದ್ದ ಓಬೇದುಲ್ಲಾನನ್ನು ಕೇಳಿದ. ಓಬೇದುಲ್ಲಾ ನಲವತ್ತರ ಸಣಕಲು ಮನುಷ್ಯ. ದಿನಾ ಇಲ್ಲಿ ಕೂರುತ್ತಿದ್ದ, ಸಂತೆಯ ದಿನ ಆಯಾ ಊರಿನ ಸಂತೆಗೆ ಹೋಗುತ್ತಿದ್ದ. ಮಾತು ಕಡಿಮೆ.

“ಪಿನ್ನಿನ ಲೆಕ್ಕ ನಂಬ್ಕೋಬೇಡಿ ಸಾವ್ಕಾರ್ರೇ,” ಎಂದ.

“ಹಂಗಾದ್ರೆ ವಾಷರು?”

ಓಬೇದುಲ್ಲಾ ಕೈಯಲ್ಲಿದ್ದ ಬರ್ನರಿಗೆ ಬಾಯಿಟ್ಟು ಜೋರಾಗಿ ಊದತೊಡಗಿದ. ಎಷ್ಟು ಊದಿದನೆಂದರೆ ಕೋದಂಡರಾಮಪ್ಪನಿಗೆ ಎರಡನೆಯ ಸಲ ಕೇಳಲಿಕ್ಕೆ ಸಂದು ಸಿಗಲಿಲ್ಲ.

*

ಭಾರತಮ್ಮನಿಗೆ ಜೊತೆ ಸಿಕ್ಕಿದವಳು ಓಬೇದುಲ್ಲಾನ ತಾಯಿ ಜಹಾನಾರಾ. ಅರವತ್ತು ದಾಟಿದ ಈ ಬಳೆಗಾರ್ತಿಗೆ ನಾಲ್ಕು ತಾಲ್ಲೂಕಿನಲ್ಲಿ ಬಾಗಿಲು ತೆಗೆಯದ ಮನೆಯಿರಲಿಲ್ಲ. ಗಂಡಸರಿಗೆ ಅಂಗಳದಲ್ಲೇ ಮಾತು ಮುಗಿಯುತ್ತದೆ. ಬಳೆಯ ಮಲಾರ ಇಳಿಸಿದವಳ ಮುಂದೆ ಮಾತ್ರ ಹೆಂಗಸರು ಕೈಯನ್ನೂ ಚಾಚುತ್ತಾರೆ, ಮನಸ್ಸನ್ನೂ ಬಿಚ್ಚುತ್ತಾರೆ.

“ನಡೀ ತಾಯಿ, ನಿನ್ ಸರದ ಜೊತೆ ನನ್ ಮಗನ ಅನ್ನವೂ ಐತೆ ಅದ್ರಲ್ಲಿ. ಸ್ಟವ್ ಉಳೀತೈತೋ ಇಲ್ವೋ ಅಂತ ನಂಗೂ ಗೊತ್ತಾಗ್ಲಿ,” ಎಂದಳು ಜಹಾನಾರಾ.

ಮೊದಲು ಹೋದದ್ದು ವೇಮಗಲ್ಲಿಗೆ. ಪಿನ್ನು ಅತಿ ಹೆಚ್ಚು ಹೋಗುತ್ತಿದ್ದುದು ಆ ಊರಿಗೇ. ಅಲ್ಲಿಂದ ಬರುವ ಗಂಡಸರು ಡಜನ್ನುಗಟ್ಟಲೆ ಒಯ್ಯುತ್ತಿದ್ದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಭಾರತಮ್ಮ ಮುಖಕ್ಕೆ ಗಾಳಿ ಬಡಿಸಿಕೊಂಡು ಸುಮ್ಮನೆ ನಕ್ಕಳು. ಮೂವತ್ತನಾಲ್ಕು ವರ್ಷದ ಬದುಕಿನಲ್ಲಿ ಅವಳು ತವರಿಗಲ್ಲದೆ, ಮದುವೆ ತಿಥಿಗಳಿಗಲ್ಲದೆ ಒಂದು ಊರಿಗೆ ಹೋದದ್ದು ಇದೇ ಮೊದಲು.

ಊರ ತುದಿಯಲ್ಲಿ ರೇಷ್ಮೆ ನೂಲು ಬಿಚ್ಚುವ ಗುಡಿಸಲು. ಬೇಯುವ ಗೂಡಿನ ಘಾಟು ಮೂಗಿಗೆ ಹೊಡೆಯಿತು. ಒಳಗೆ ನಾಲ್ಕು ಹೆಂಗಸರು ಬಿಸಿನೀರಿನ ಬಾನಿಗಳ ಮುಂದೆ ಕೂತು ಎಳೆ ತೆಗೆಯುತ್ತಿದ್ದರು. ಅವರಲ್ಲಿ ಹಿರಿಯಳಾದ ಮುನಿಗಂಗಮ್ಮನ ತುರುಬಿನಲ್ಲಿ ಹೂವು ಮುಡಿಯುವ ಜಾಗದಲ್ಲಿ ಮೂರು ಸ್ಟವ್ ಪಿನ್ನು ಸಿಕ್ಕಿಕೊಂಡಿದ್ದವು.

“ನಿಮ್ ಸ್ಟವ್ ಎಲ್ಲೈತಮ್ಮ?” ಭಾರತಮ್ಮ ಕೇಳಿದಳು.

“ಸ್ಟವ್ವಾ? ನಮಗ್ಯಾಕಮ್ಮ ಸ್ಟವ್ವು! ಹಿಪ್ಪುನೇರಳೆ ಕಡ್ಡಿ ಹೊಲದ ತುಂಬ ಬಿದ್ದೈತೆ ಉರಿಸೋಕೆ.”

“ಮತ್ತೆ ಆ ಪಿನ್ನು?”

ಮುನಿಗಂಗಮ್ಮ ತುರುಬಿನಿಂದ ಒಂದನ್ನು ಕಿತ್ತು, ಬಾನಿಯ ಮೇಲಿನ ಹಿತ್ತಾಳೆ ಪಟ್ಟಿಯ ಸಣ್ಣ ತೂತಿಗೆ ಚುಚ್ಚಿ ತಿರುಗಿಸಿದಳು. ಅಂಟು ಕಟ್ಟಿದ ತೂತಿನಿಂದ ಎಳೆ ಮತ್ತೆ ಸರಾಗವಾಗಿ ಓಡಿತು.

“ಈ ತೂತು ಕಟ್ಕೊಂಡು ಕಟ್ಕೊಂಡು ಸಾಯ್ತಿದ್ವಿ ಕಣಮ್ಮ. ಯಾವ ಪುಣ್ಯಾತ್ಮ ಮಾಡಿದ್ನೋ ಈ ಪಿನ್ನ, ಅವನ ಹೊಟ್ಟೆ ತಣ್ಣಗಿರ್ಲಿ. ಈಗ ಈ ಸುತ್ತಿನ ಗುಡಿಸಲಿಗೆಲ್ಲ ಇದೇ.”

ಜಹಾನಾರಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಭಾರತಮ್ಮನಿಗೂ ನಗು ತಡೆಯಲಾಗಲಿಲ್ಲ. ಆದರೆ ವಾಪಸು ಬರುವ ಬಸ್ಸಿನಲ್ಲಿ ಗಂಡನ ಮುಖ ನೆನಪಾಗಿ ನಗು ಇಳಿಯಿತು. ಅಂಗಡಿಯ ಹಣೆಗೆ ಹಾಕಬೇಕಾದ ಬೋರ್ಡಿನ ಅಕ್ಷರವನ್ನು ಅವನಾಗಲೇ ಲೆಕ್ಕದ ಹಾಳೆಯ ಹಿಂದೆ ಬರೆದು ಬರೆದು ನೋಡುತ್ತಿದ್ದ.

ವಿಷಯ ಕೇಳಿ ಕೋದಂಡರಾಮಪ್ಪ ಆ ಹಾಳೆಯನ್ನು ಮಗುಚಿ ಲೆಕ್ಕದ ಕಡೆ ತಿರುಗಿಸಿದ.

“ವೇಮಗಲ್ಲು ಒಂದೇ ಊರು,” ಎಂದ. “ಅಲ್ಲಿ ರೇಷ್ಮೆ ಐತೆ. ಶ್ರೀನಿವಾಸಪುರದಲ್ಲಿ ಏನಿರತ್ತೆ? ಮಾವಿನಕಾಯಿಗೆ ಪಿನ್ನು ಚುಚ್ತಾರಾ?”

“ಅದನ್ನೂ ನೋಡ್ಕೊಂಡು ಬರ್ತೀನಿ,” ಎಂದಳು ಭಾರತಮ್ಮ.

*

ಶ್ರೀನಿವಾಸಪುರಕ್ಕೆ ಚಿಕ್ಕ ರೈಲಿನಲ್ಲಿ ಹೋದರು. ಮಾವಿನ ಸುಗ್ಗಿ. ಪ್ರತಿ ಸ್ಟೇಷನ್ನಿನಲ್ಲೂ ಹುಲ್ಲು ಹಾಸಿದ ಮಂಕರಿಗಳು ಸಾಲಾಗಿದ್ದು ಬಂಡಿಯ ತುಂಬ ಹಣ್ಣಿನ ವಾಸನೆ. ಜಹಾನಾರಾ ಒಂದು ರಸಪುರಿ ಹಣ್ಣನ್ನು ಅಂಗೈಯಲ್ಲಿ ಹಿಸುಕಿ ಹಿಸುಕಿ ಮೆತ್ತಗೆ ಮಾಡಿ ಭಾರತಮ್ಮನಿಗೆ ಕೊಟ್ಟಳು. ಊರು ಬರುವ ಹೊತ್ತಿಗೆ ಇಬ್ಬರ ಮೊಣಕೈವರೆಗೂ ರಸ ಇಳಿದಿತ್ತು.

ಭಾರತಮ್ಮನ ಚಿಕ್ಕಮ್ಮನ ಮಗಳು ಮುತ್ಯಾಲಮ್ಮನ ಮನೆ ಸ್ಟೇಷನ್ನಿನ ಹತ್ತಿರದ ಬೀದಿಯಲ್ಲಿ. ಅವಳ ಗಂಡ ಯಲ್ದೂರಿನ ಕಡೆ ತೋಪು ಗುತ್ತಿಗೆ ಹಿಡಿದಿದ್ದ. ಬಾಗಿಲಲ್ಲೇ ಅವಳ ಅತ್ತೆ ಆಂಜಿನಮ್ಮ ಉಪ್ಪಿನಕಾಯಿಗೆ ಮಾವಿನಕಾಯಿ ಆರಿಸುತ್ತಾ ಕೂತಿದ್ದಳು.

“ಏಮಮ್ಮಾ, ಇಪ್ಪುಡು ವಚ್ಚಿನಾವಾ?” ಎಂದು, ಈಗ ಬಂದೆಯಾ ಎನ್ನುವುದನ್ನು ತೆಲುಗಿನಲ್ಲೇ ವಿಚಾರಿಸಿ, “ಬಾ, ಒಳಗೆ ಬಾ,” ಎಂದಳು.

ಅಡುಗೆಮನೆಗೆ ಕಾಲಿಟ್ಟ ಭಾರತಮ್ಮನ ಕಣ್ಣು ಮೊದಲು ಹುಡುಕಿದ್ದು ಸ್ಟವ್ವನ್ನು. ಅದು ಎತ್ತರದ ಹಲಗೆಯ ಮೇಲೆ ದೇವರಂತೆ ಕೂತಿತ್ತು. ಒಂದು ಮಸಿಯ ಕಲೆಯಿಲ್ಲ. ಹುಣಸೆಹಣ್ಣಿನಲ್ಲಿ ಉಜ್ಜಿದ ಹಿತ್ತಾಳೆ ಕಣ್ಣು ಕುಕ್ಕುತ್ತಿತ್ತು. ಕೆಳಗೆ ಸೌದೆ ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

“ಸ್ಟವ್ ಹಚ್ಚಲ್ವೇನೇ?”

ಮುತ್ಯಾಲಮ್ಮ ಒಮ್ಮೆ ಬಾಗಿಲ ಕಡೆ ನೋಡಿದಳು. ಆಂಜಿನಮ್ಮನೇ ಅಲ್ಲಿಂದ ಉತ್ತರ ಕೊಟ್ಟಳು. “ಸೀಮೆಎಣ್ಣೆ ವಾಸನೆ ನನಗಾಗಲ್ಲಮ್ಮ. ಅನ್ನಾನೂ ಅದೇ ನಾರತ್ತೆ. ನನ್ ಮಗ ಆಸೆಪಟ್ಟು ತಂದ, ಇರ್ಲಿ ಅಂತ ಮೇಲಿಟ್ಟೀವಿ.”

ಆ ಮಧ್ಯಾಹ್ನ ಜಹಾನಾರಾಳ ಜೊತೆ ಬೀದಿಯ ಆರೇಳು ಮನೆಗೆ ಹೋಗಿಬಂದದ್ದಾಯಿತು. ಎಲ್ಲ ಕಡೆಯೂ ಅದೇ. ಸ್ಟವ್ ಇತ್ತು, ಹಲಗೆಯ ಮೇಲಿತ್ತು, ಫಳಫಳ ಹೊಳೆಯುತ್ತಿತ್ತು. ಒಂದು ಮನೆಯಲ್ಲಿ ಅದಕ್ಕೆ ಕಸೂತಿಯ ಬಟ್ಟೆ ಹೊದಿಸಿದ್ದರು. ಇನ್ನೊಂದರಲ್ಲಿ ಅರಿಶಿನ ಕುಂಕುಮ ಹಚ್ಚಿದ್ದರು.

“ವಾಷರು ಯಾಕೆ ಹೋಗಲ್ಲ ಅಂತ ಗೊತ್ತಾಯ್ತಲ್ಲ ಬೂಬಮ್ಮ,” ಎಂದು ಭಾರತಮ್ಮ ಜಹಾನಾರಾಳಿಗೆ ಹೇಳಿದಳು. ಗೆದ್ದ ಸಂತೋಷ ಅವಳಿಗಾಗಲಿಲ್ಲ. ತನ್ನ ಸ್ಟವ್ವೆಂದರೆ ಅವಳಿಗೆ ಪ್ರಾಣ. ಹೊಗೆಯಿಲ್ಲದ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳದೆ ಬೇಳೆ ಬೇಯಿಸಿದ ಮೊದಲ ದಿನ ಅವಳು ಒಬ್ಬಳೇ ಹಾಡಿಕೊಂಡಿದ್ದಳು. ಆ ಸುಖ ಬೇರೆ ಯಾರಿಗೂ ಬೇಡವಾಯಿತೇ?

ಸಂಜೆಯ ರೈಲು ಹೊರಟುಹೋಗಿತ್ತು. ಜಹಾನಾರಾ ತನ್ನ ತಂಗಿಯ ಮನೆಗೆ ಹೋದಳು. ಭಾರತಮ್ಮ ಅಲ್ಲೇ ಉಳಿದು ನಡುಮನೆಯಲ್ಲಿ ಚಾಪೆ ಹಾಸಿಕೊಂಡಳು. ನಾಳೆ ಗಂಡನಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಲೇ ನಿದ್ದೆ ಹತ್ತಿತು.

ಬೆಳಗಿನ ಜಾವ ಅವಳಿಗೆ ಎಚ್ಚರವಾದದ್ದು ಒಂದು ಸದ್ದಿಗೆ. ಭರ್ರ್... ತನ್ನ ಮನೆಯಲ್ಲೇ ಇದ್ದೇನೆಂದು ಒಂದು ಗಳಿಗೆ ಭ್ರಮೆಯಾಯಿತು. ಎದ್ದು ಕೂತಳು. ಸದ್ದು ಅಡುಗೆಮನೆಯಿಂದ ಬರುತ್ತಿತ್ತು. ಅಷ್ಟರಲ್ಲಿ ಗೋಡೆಯಾಚೆಯಿಂದ ಇನ್ನೊಂದು, ಭರ್ರ್. ಎದುರುಮನೆಯಿಂದ ಮತ್ತೊಂದು. ಭಾರತಮ್ಮ ಸೆರಗು ಹೊದ್ದು ಬಾಗಿಲು ತೆಗೆದು ಬೀದಿಗೆ ಬಂದಳು.

ಮೂಡಲು ಇನ್ನೂ ಬೂದಿಬಣ್ಣ. ಬೀದಿ ಖಾಲಿ. ಆದರೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮನೆಮನೆಯೂ ಭೋರ್ಗರೆಯುತ್ತಿತ್ತು. ಕಿಟಕಿ ಕಿಟಕಿಯಲ್ಲಿ ನೀಲಿ ಬೆಳಕು ಅದುರುತ್ತಿತ್ತು. ಕಸೂತಿ ಬಟ್ಟೆಯ ಮನೆ, ಕುಂಕುಮದ ಮನೆ, ಎಲ್ಲ! ಅವಳು ಬಾಯಿಗೆ ಸೆರಗು ಒತ್ತಿಕೊಂಡು, ನಡುಬೀದಿಯಲ್ಲಿ ನಿಂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ಒಳಗೆ ಬಂದಾಗ ಮುತ್ಯಾಲಮ್ಮ ತುಟಿಯ ಮೇಲೆ ಬೆರಳಿಟ್ಟಳು.

“ಮೆಲ್ಲಗೆ ಅಕ್ಕಾ, ಅತ್ತೆ ಏಳ್ತಾರೆ. ಇವರು ಐದೂವರೆಗೆ ತೋಪಿಗೆ ಹೊರಡ್ಬೇಕು. ಸೌದೆ ಒಲೆ ಹತ್ತೋ ಹೊತ್ತಿಗೆ ಇವರು ಯಲ್ದೂರಲ್ಲಿರ್ತಾರೆ. ಅದಕ್ಕೆ ಕಾಫಿ, ಬುತ್ತಿ ಎಲ್ಲಾ ಇದರ ಮೇಲೇ ಮಾಡಿ, ತೊಳೆದು ಉಜ್ಜಿ ಮೇಲಿಟ್ಬಿಡ್ತೀನಿ.”

“ದಿನಾನಾ?”

“ಮೂರು ವರ್ಷದಿಂದ. ಈ ಬೀದೀಲಿ ಎಲ್ಲಾರೂ ಅಷ್ಟೆ. ಯಾರ ಅತ್ತೆಗೂ ಗೊತ್ತಿಲ್ಲ.”

ಅವಳು ಸ್ಟವ್ ಆರಿಸಿದಳು. ಸದ್ದು ನಿಂತಿತು. ಆ ಮೌನಕ್ಕೇ ಕಾದಿದ್ದಂತೆ ಕೋಣೆಯಿಂದ ಆಂಜಿನಮ್ಮನ ದನಿ ಬಂತು. “ಸದ್ದು ನಿಂತ್ಹೋಯ್ತಲ್ಲೇ ಮುತ್ಯಾಲಾ, ಕಾಫಿ ಇನ್ನೂ ಬರ್ಲಿಲ್ವಲ್ಲ? ಆರಿಹೋಗತ್ತೆ ಕಣೇ.”

ಮುತ್ಯಾಲಮ್ಮ ಇಕ್ಕಳದಲ್ಲಿ ಹಿಡಿದ ಪಾತ್ರೆಯೊಂದಿಗೆ ಕಲ್ಲಾದಳು.

“ಅಂದ್ರೆ... ಅತ್ತೆ, ನಿಮಗೆ ಗೊತ್ತಿತ್ತಾ?”

“ಕಿವಿ ಕೇಳಲ್ವಾ ನನಗೆ? ಆ ಸದ್ದು ಕೇಳಿದ್ರೇನೇ ನನಗೆ ಬೆಳಗಾಯ್ತು ಅಂತ. ವಾಸನೆ ಆಗಲ್ಲ ಅಂತ ಒಂದ್ಸಲ ಅಂದ್ಬಿಟ್ಟೆ, ಮತ್ತೆ ಹೆಂಗೆ ಬಾಯಿ ತಿರುಗಿಸ್ಲಿ?”

ಅಕ್ಕತಂಗಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು. ಕೋಣೆಯೊಳಗಿನ ಕೆಮ್ಮು ಕೂಡ ನಗುವಿನಂತೆಯೇ ಕೇಳಿಸಿತು.

ಆದರೆ ಭಾರತಮ್ಮನ ತಲೆಯಲ್ಲಿ ಒಂದು ಗಂಟು ಬಿಚ್ಚಿರಲಿಲ್ಲ. ಮೂರು ವರ್ಷ ದಿನಾ ಪಂಪು ಹೊಡೆದರೆ ವಾಷರು ಎಲ್ಲಿಂದ ಬಂತು? ಅವಳು ತಣ್ಣಗಾದ ಸ್ಟವ್ವಿನ ಪಂಪನ್ನು ತಿರುಗಿಸಿ ಹೊರಗೆಳೆದಳು. ಕಡ್ಡಿಯ ತುದಿಯಲ್ಲಿದ್ದದ್ದು ಕಂಪನಿಯ ತೆಳು ಕರಿ ವಾಷರಲ್ಲ. ದಪ್ಪನೆಯ ಕಂದು ತೊಗಲು, ಎಣ್ಣೆ ಕುಡಿದು ಕೆನೆಯಷ್ಟು ಮೆತ್ತಗಿತ್ತು.

“ಇದನ್ಯಾರು ಹಾಕ್ಕೊಟ್ರು?”

“ಸಂತೇಲಿ ಒಬ್ಬರು ಸಾಬ್ರು ಬರ್ತಾರಲ್ಲ ಅಕ್ಕಾ, ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ಕೊಂಡು. ಊದೋದು ಜಾಸ್ತಿ, ಮಾತು ಕಡಿಮೆ.”

ರೈಲಿಗೆ ಕರೆದುಕೊಂಡು ಹೋಗಲು ಆಗತಾನೆ ಬಾಗಿಲಿಗೆ ಬಂದಿದ್ದ ಜಹಾನಾರಾ ಮಲಾರವನ್ನು ದೊಪ್ಪನೆ ಇಳಿಸಿದಳು.

“ಯಾ ಅಲ್ಲಾ! ಅದು ನನ್ ಮಗ! ಚಪ್ಪಲಿ ಹೊಲಿಯೋಕೆ ತೊಗಲು ಅಂತ ನನ್ ಹತ್ರ ಸುಳ್ಳು ಹೇಳ್ದ ಬದ್ಮಾಷ್. ಇಷ್ಟು ವರ್ಷಕ್ಕೆ ಒಂದು ಜೊತೆ ಚಪ್ಪಲೀನೂ ನಾನು ಕಾಣ್ಲಿಲ್ಲ!”

*

ಕೋಲಾರದಲ್ಲಿ ಇಳಿದವರು ನೆಟ್ಟಗೆ ಓಬೇದುಲ್ಲಾನ ಮನೆಗೇ ಹೋದರು. ಕೋದಂಡರಾಮಪ್ಪನಿಗೆ ಹೇಳಿಕಳಿಸಿದ್ದಾಯಿತು. ಅವನು ಏನು ಕೇಡು ಕಾದಿದೆಯೋ ಎಂದು ಅಂಗಿಯ ಗುಂಡಿಯನ್ನೂ ಸರಿಯಾಗಿ ಹಾಕದೆ ಓಡಿಬಂದ. ಅಂಗಳದಲ್ಲಿ ಓಬೇದುಲ್ಲಾ ತಪ್ಪು ಮಾಡಿದವನಂತೆ ನಿಂತಿದ್ದ, ಅವನ ತಾಯಿ ಸೊಂಟದ ಮೇಲೆ ಕೈಯಿಟ್ಟು ಎದುರಿಗೆ ನಿಂತಿದ್ದಳು.

“ಕಂಪನಿ ವಾಷರು ನಮ್ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಒಣಗಿ ಸುರುಟ್ಕೋತದೆ ಸಾವ್ಕಾರ್ರೇ,” ಎಂದ ಓಬೇದುಲ್ಲಾ ನೆಲ ನೋಡುತ್ತ. “ಗಾಳಿ ನಿಲ್ಲಲ್ಲ. ಹೆಂಗಸರು ಸ್ಟವ್ವೇ ಬೇಡ ಅಂತ ಎತ್ತಿಡ್ತಿದ್ರು. ಅದಕ್ಕೆ ನಾನೇ ತೊಗಲು ತಂದು, ಮೂರು ದಿನ ಹರಳೆಣ್ಣೇಲಿ ನೆನೆಸಿ, ಕೊಯ್ದು ಹಾಕ್ದೆ. ರಿಪೇರಿ ಜೊತೇಗೆ ಕೊಟ್ಬಿಡ್ತಿದ್ದೆ. ನಿಮ್ಮಂಗಡಿ ಜಗಲೀಲಿ ಕೂತು ನಿಮ್ ಮಾಲಿಗೇ ಎದುರು ಮಾಲು ಮಾಡ್ತೀನಿ ಅಂತ ಹೆಂಗೆ ಹೇಳ್ಲಿ? ಬಾಯಿ ಬರ್ಲಿಲ್ಲ.”

“ಎಷ್ಟು ಕೊಯ್ದಿದ್ದೀಯ?” ಕೋದಂಡರಾಮಪ್ಪ ಕೇಳಿದ.

ಓಬೇದುಲ್ಲಾ ಒಳಗೆ ಹೋಗಿ ಸುರುಳಿ ಸುತ್ತಿದ ತೊಗಲುಗಳನ್ನು ಹೊತ್ತು ತಂದ. ಒಂದೊಂದಾಗಿ ಬಿಚ್ಚಿ ಬಟ್ಟೆ ಒಣಹಾಕುವ ಹಗ್ಗದ ಮೇಲೆ ನೇತುಹಾಕಿದ. ನಾಲ್ಕು ತೊಗಲು, ಅಂಚಿನಿಂದ ಅಂಚಿನವರೆಗೆ ಬರೀ ತೂತು. ಒಂದು ದುಂಡನೆಯ ತೂತಿಗೂ ಇನ್ನೊಂದಕ್ಕೂ ನಡುವೆ ಉಳಿದಿದ್ದುದು ದಾರದಷ್ಟು ಚರ್ಮ. ಕೋದಂಡರಾಮಪ್ಪ ಬೆರಳೆತ್ತಿ ಎಣಿಸಲು ಹೊರಟ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ತಪ್ಪಿತು. ಮತ್ತೆ ಶುರುಮಾಡಿದ, ಮತ್ತೆ ತಪ್ಪಿತು. ಆಮೇಲೆ ಬೆರಳು ಇಳಿಸಿ ಸುಮ್ಮನೆ ನೋಡುತ್ತಾ ನಿಂತ. ಅವನ ಮುಖ ನಿಧಾನವಾಗಿ ಅರಳಿತು.

“ಇಷ್ಟೂ... ಉರೀತಾ ಐತಾ?”

“ನಾನು ಕಿವಿಯಾರೆ ಕೇಳ್ಕೊಂಡು ಬಂದೀನಿ,” ಎಂದಳು ಭಾರತಮ್ಮ. “ಬೆಳಗಿನ ಜಾವ ಹೋಗಿ ಆ ಬೀದೀಲಿ ನಿಂತ್ಕೊಳ್ಳಿ, ಗೊತ್ತಾಗತ್ತೆ.”

ಅವಳು ಅಲ್ಲಿಯೇ ಕತ್ತಿನಿಂದ ಸರ ತೆಗೆದು ಅವನ ಕೈಗಿಟ್ಟಳು. ಆದರೆ ಬೆರಳು ಬಿಡಲಿಲ್ಲ.

“ಕಾಗದದಲ್ಲಿ ಒಂದು ಮಾತು ಬರೀಬೇಕು. ನಾಲ್ಕು ತಾಲ್ಲೂಕಿಗೂ ವಾಷರು ನಮ್ಮದೇ, ಓಬೇದುಲ್ಲಾ ಸಾಬ್ರು ಕೊಯ್ದದ್ದು. ಪಿನ್ನು ಬೇಕಾದ್ರೆ ಅವರು ಕಳಿಸ್ಲಿ.”

“ಕಂಪನಿಯೋರು ಒಪ್ದೇ ಹೋದ್ರೆ?”

“ಯಾಕೊಪ್ಪಲ್ಲ? ಅವರ ಒಲೆ ಆರದಂಗೆ ನೋಡ್ಕೊಂಡೋರು ಇವರಲ್ವಾ? ಹಂಡೆ ಕೊಳಗ ಮಾತ್ರ ಮಾರಕ್ಕೆ ನಾನು ಬಿಡಲ್ಲ. ಅವನ್ನ ಹಿಂದಿನ ಕೋಣೆಗೆ ಹಾಕೋಣ.”

ಕಂಪನಿಯವರು ಮುಂದೆ ಒಪ್ಪಿದರು. ಒಪ್ಪುವ ಮುನ್ನ ಒಬ್ಬ ಟೈ ಕಟ್ಟಿದ ಮನುಷ್ಯ ಬೆಂಗಳೂರಿನಿಂದ ಬಂದು, ಹರಳೆಣ್ಣೆಯ ವಾಷರೊಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದ. ಆದರೆ ಅದೆಲ್ಲ ಆಷಾಢ ಕಳೆದ ಮೇಲಿನ ಮಾತು.

ಆ ಬೆಳಿಗ್ಗೆ ಯಾರಿಗೂ ಎದ್ದು ಹೊರಡುವ ಮನಸ್ಸಾಗಲಿಲ್ಲ. ಜಹಾನಾರಾ ಹಾಸಿದ ಚಾಪೆಯ ಮೇಲೆ ಗಂಡ ಹೆಂಡತಿ ಕೂತರು. ಒಳಗೆ ಮಾವಿನಹಣ್ಣು ಕೊಯ್ಯುವ ಸದ್ದು. ಓಬೇದುಲ್ಲಾ ಮೊದಲ ಸಲ ತಾನಾಗಿಯೇ ಮಾತಾಡುತ್ತಿದ್ದ. ಯಾವ ತೊಗಲು ಒಳ್ಳೆಯದು, ಬೆನ್ನಿನದ್ದೋ ಹೊಟ್ಟೆಯದ್ದೋ, ಎಣ್ಣೆ ಎಷ್ಟು ಬಿಸಿಯಿರಬೇಕು ಎಂದು. ಕೋದಂಡರಾಮಪ್ಪ ತಪ್ಪು ಗುಂಡಿ ಹಾಕಿದ ಅಂಗಿಯಲ್ಲೇ ತಲೆದೂಗುತ್ತಿದ್ದ.

ಬಿಸಿಲು ಮಾಡಿನ ಮೇಲಿನಿಂದ ಇಳಿದು ಹಗ್ಗದ ಮೇಲಿನ ತೊಗಲುಗಳ ತೂತುಗಳನ್ನು ದಾಟಿಕೊಂಡು ಬಂತು. ಸಗಣಿ ಸಾರಿಸಿದ ಅಂಗಳದ ತುಂಬ ಕಾಸಿನಗಲದ ಬೆಳಕಿನ ಬಿಲ್ಲೆಗಳು ಚೆಲ್ಲಿಕೊಂಡವು. ಮರಿಗಳನ್ನು ಕಟ್ಟಿಕೊಂಡು ಬಂದ ಒಂದು ಹೇಂಟೆ ಅವನ್ನು ಕಂಡು ನಿಂತಿತು. ಕತ್ತು ಓರೆ ಮಾಡಿ ನೋಡಿತು. ಒಂದನ್ನು ಕುಕ್ಕಿತು, ಪಕ್ಕದ್ದನ್ನು ಕುಕ್ಕಿತು. ಆಮೇಲೆ ಕೊಕ್ಕೊಕ್ಕೆಂದು ಮರಿಗಳನ್ನೆಲ್ಲ ಕರೆಯತೊಡಗಿತು.